ಡೆಲ್ಮರ್ ಕ್ಷಮೆ ಕೇಳಿದ ಶನಿವಾರ

ನಮ್ಮ ಸ್ಟುಡಿಯೋ ಇದ್ದ ಕಟ್ಟಡದಲ್ಲಿ ಮೊದಲು ಶವಪೆಟ್ಟಿಗೆಗಳ ಒಳಗೆ ಹಾಸುವ ಮೆತ್ತೆ ಹೊಲಿಯುತ್ತಿದ್ದರು. ಆ ಕಂಪನಿ ಮುಚ್ಚಿದಾಗ ಗೋದಾಮಿನ ತುಂಬ ಬಿಳಿ ಸ್ಯಾಟಿನ್ ಬಟ್ಟೆ, ಹತ್ತಿಯ ಮೂಟೆ ಬಿದ್ದಿದ್ದವು. ನನ್ನ ದೊಡ್ಡಪ್ಪನ ಮಗ ಡೆಲ್ಮರ್ ಪ್ರುವಿಟ್ ಅದನ್ನು ಬಾಡಿಗೆಗೆ ಹಿಡಿದು, ಆ ಮೆತ್ತೆಗಳನ್ನೇ ಗೋಡೆಗೆ ಮೊಳೆ ಹೊಡೆದು ಕೂರಿಸಿದ. "ಸತ್ತವರಿಗೆ ಇಷ್ಟು ಮೆತ್ತಗೆ ಯಾಕೆ ಬೇಕೋ ಗೊತ್ತಿಲ್ಲ, ಡ್ರಮ್ಮಿಗಂತೂ ಬಹಳ ಚೆನ್ನಾಗಿದೆ" ಅಂದ. ಅದು 1968. ಅಲಬಾಮದ ಉತ್ತರಕ್ಕೆ, ಟೆನೆಸ್ಸೀ ನದಿಯ ದಂಡೆಯ ನಮ್ಮ ಊರಿನಲ್ಲಿ ಅವನನ್ನು ಹುಚ್ಚ ಅನ್ನದವರು ಯಾರೂ ಇರಲಿಲ್ಲ. ನಾನೂ ಅಂದೆ. ಹಾಗಂದವಳೇ ಬಟ್ಟೆ ಗಿರಣಿಯ ಕೆಲಸ ಬಿಟ್ಟು ಅವನ ಹತ್ತಿರ ಟೇಪ್ ಮೆಷಿನ್ ನಡೆಸಲು ಸೇರಿಕೊಂಡೆ.

ಡೆಲ್ಮರ್ ಹಾಡು ಬರೆಯುತ್ತಿದ್ದ, ಬೇರೆಯವರಿಂದ ಹಾಡಿಸಿ ರೆಕಾರ್ಡ್ ಮಾಡುತ್ತಿದ್ದ. ತಾನು ಮಾತ್ರ ಸ್ಟುಡಿಯೋದಲ್ಲಿ ಒಂದು ಸಾಲೂ ಹಾಡಿದವನಲ್ಲ. ಉದ್ದ ಕೂದಲು, ಎರಡೆರಡು ಗಿಟಾರು, ಬಾಯಿ ತುಂಬ ಬೈಗುಳ, ಇಂಥ ಹುಡುಗರ ತಂಡಗಳು ಜಾರ್ಜಿಯಾದಿಂದ, ಮಿಸಿಸಿಪ್ಪಿಯಿಂದ ವ್ಯಾನು ತುಂಬಿಕೊಂಡು ಬರುತ್ತಿದ್ದವು. ಬಂದ ಅರ್ಧ ಗಂಟೆಯಲ್ಲಿ ಎಲ್ಲರೂ ಬಾಲ ಮುದುರಿಕೊಂಡು ಕೂರುತ್ತಿದ್ದರು. ಅವನು ಗದರುವವನಲ್ಲ. ಆದರೆ ಕಿವಿಗೆ ಹೆಡ್‌ಫೋನ್ ಹಾಕಲು ಬಿಡುತ್ತಿರಲಿಲ್ಲ, ಬೇರೆ ಬೇರೆ ಕೋಣೆಯಲ್ಲಿ ಕೂರಲು ಬಿಡುತ್ತಿರಲಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ, ಒಬ್ಬರ ಮುಖ ಒಬ್ಬರು ನೋಡುತ್ತ, ಒಟ್ಟಿಗೆ ನುಡಿಸಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ.

"ಇಪ್ಪತ್ತೊಂದನೇ ಸಲ ಆಯ್ತಲ್ಲ ಮಾರಾಯ! ಏನು ತಪ್ಪಿದೆ ಅದನ್ನಾದ್ರೂ ಹೇಳು" ಅಂತ ಹಿಕರಿ ಗ್ಯಾಪ್ ತಂಡದ ಹಾಡುಗಾರ ರಸ್ಟಿ ಒಂದು ಸಲ ಕಿರುಚಿಕೊಂಡ.

"ತಪ್ಪೇನಿಲ್ಲ. ನೀನು ಹೇಳ್ತಿರೋದನ್ನ ನೀನೇ ನಂಬ್ತಿಲ್ಲ, ಅಷ್ಟೇ" ಅಂದ ಡೆಲ್ಮರ್. "ಮನೆ ಸುಟ್ಟುಹೋಯ್ತು ಅಂತ ಹಾಡ್ತಿದೀಯ. ಕೇಳೋರಿಗೆ ಹೋಟ್ಲಲ್ಲಿ ಇನ್ನೊಂದು ಕಾಫಿ ಕೊಡಪ್ಪ ಅಂದಂಗಿದೆ."

ರಸ್ಟಿ ಇಪ್ಪತ್ತೆರಡನೇ ಸಲ ಅಳುತ್ತ ಹಾಡಿದ. ಆ ಬೇಸಿಗೆಯೆಲ್ಲ ರೇಡಿಯೋದಲ್ಲಿ ಬಂದದ್ದು ಆ ಇಪ್ಪತ್ತೆರಡನೆಯದು. ಗಿರಣಿ ಮುಚ್ಚಿದ್ದು, ಅಣೆಕಟ್ಟಿನ ನೀರಲ್ಲಿ ಹೊಲ ಮುಳುಗಿದ್ದು, ಯುದ್ಧಕ್ಕೆ ಹೋದ ಗೆಳೆಯ ಬಾರದೇ ಇದ್ದದ್ದು, ಇವೇ ಡೆಲ್ಮರನ ಹಾಡುಗಳು. ಬರೆಯಲು ಅವನು ಕಾಗದ ಕೊಂಡವನಲ್ಲ. ಶವಸಂಸ್ಕಾರದ ಕಂಪನಿಯವರು ಚರ್ಚಿನಲ್ಲಿ ಹಂಚುವ ರಟ್ಟಿನ ಬೀಸಣಿಗೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದ. ಐದು ವರ್ಷದಲ್ಲಿ ಏಳು ಹಾಡು ದೇಶವೆಲ್ಲ ಕೇಳಿತು.

ಸುಳ್ಳು ಹಿಡಿಯುವ ಆ ಕಿವಿ ಅವನಿಗೆ ಬಂದದ್ದು ಅಪ್ಪನಿಂದ.

ಅಪ್ಪ ಅಂದರೆ ನನ್ನ ದೊಡ್ಡಪ್ಪ, ಏಸಾ ಪ್ರುವಿಟ್, ನಮ್ಮ ಚರ್ಚಿನ ಬೋಧಕರು. ವಾರವೆಲ್ಲ ಬಡಗಿ ಕೆಲಸ, ಭಾನುವಾರ ಬೋಧನೆ. ಬೋಧನೆಗೆ ಸಂಬಳ ತೆಗೆದುಕೊಳ್ಳುವುದು ನಮ್ಮಲ್ಲಿ ಪಾಪ. ವಾದ್ಯವೂ ಪಾಪ. ಚರ್ಚಿನೊಳಗೆ ಪಿಯಾನೋ ಇಲ್ಲ, ಶ್ರುತಿಗೊಂದು ಪೀಪಿಯೂ ಇಲ್ಲ. ಬೋಧಕರು ಒಂದು ಸಾಲನ್ನು ತಮ್ಮ ಶ್ರುತಿಯಲ್ಲಿ ಬೇಗ ಹೇಳಿಬಿಡುತ್ತಾರೆ, ಆಮೇಲೆ ಇಡೀ ಸಭೆ ಅದೇ ಸಾಲನ್ನು ನಿಧಾನವಾಗಿ ಎಳೆದು ಹಾಡುತ್ತದೆ. ದೊಡ್ಡಪ್ಪ ಎತ್ತಿಕೊಂಡ ಶ್ರುತಿಯಲ್ಲಿ ಮುದುಕಿಯರಿಗೂ ಉಸಿರು ಸಾಲುತ್ತಿತ್ತು, ಗಂಡಸರ ದನಿಯೂ ಸಲೀಸಾಗಿ ಕೆಳಗಿಳಿಯುತ್ತಿತ್ತು. ಆ ಹದ ಬೇರೆ ಯಾರಿಗೂ ಸಿಗಲಿಲ್ಲ.

ಮಗನ ಗಿಟಾರಿನ ವ್ಯವಹಾರದ ಬಗ್ಗೆ ದೊಡ್ಡಪ್ಪ ಒಂದು ಮಾತೂ ಆಡುತ್ತಿರಲಿಲ್ಲ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮಾತಿಗೆ ಬದಲು ಅವರಿಬ್ಬರಿಗೆ ಇದ್ದದ್ದು ವರ್ಷಕ್ಕೊಂದು ಬೆಳಿಗ್ಗೆ. ಮೇ ತಿಂಗಳ ಎರಡನೇ ಭಾನುವಾರ ನಮ್ಮಲ್ಲಿ ಪಾದ ತೊಳೆಯುವ ದಿನ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಸೊಂಟಕ್ಕೆ ಟವೆಲ್ ಕಟ್ಟಿ, ತಗಡಿನ ಬೋಗುಣಿ ಮುಂದಿಟ್ಟು, ಮಂಡಿಯೂರಿ ಒಬ್ಬರ ಕಾಲನ್ನು ಒಬ್ಬರು ತೊಳೆಯಬೇಕು. ಹತ್ತೊಂಬತ್ತಕ್ಕೆ ದೀಕ್ಷಾಸ್ನಾನವಾದಾಗಿನಿಂದ ಡೆಲ್ಮರ್ ಅಪ್ಪನ ಕಾಲು ತೊಳೆಯುತ್ತಿದ್ದ, ಅಪ್ಪ ಅವನದು ತೊಳೆಯುತ್ತಿದ್ದರು. ತೊಳೆದು ಎದ್ದು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು. ಆಮೇಲೆ ಮರದ ಕೆಳಗೆ ಊಟಕ್ಕೆ ಕೂತಾಗ, "ಆ ಬೆಂಡೆಕಾಯಿ ಇತ್ಲಾಗ್ ತಳ್ಳು" ಅನ್ನುವುದಷ್ಟೇ ಮಾತು. ಅಪ್ಪ ತನ್ನನ್ನು ಒಪ್ಪಿಕೊಂಡಿದ್ದಾರೆ ಅಂತ ಡೆಲ್ಮರನಿಗೆ ತಿಳಿಯುತ್ತಿದ್ದುದು ಆ ಬೋಗುಣಿಯ ನೀರಿನಲ್ಲಿ ಮಾತ್ರ.

1971ರಲ್ಲಿ ದೊಡ್ಡಮ್ಮ ಹಾಸಿಗೆ ಹಿಡಿದರು. ಚರ್ಚಿಗೆ ಬರಲಾಗದೆ ಕೊರಗುತ್ತಿದ್ದರು. ಆಗ ಡೆಲ್ಮರ್ ಅಪ್ಪನನ್ನು ಕೇಳಿಕೊಂಡು ಒಂದು ಭಾನುವಾರ ಟೇಪ್ ಮೆಷಿನ್ ತಂದ. "ನಿಮ್ಮಮ್ಮನಿಗೆ ಮಾತ್ರ" ಅಂದರು ದೊಡ್ಡಪ್ಪ. "ಆಯ್ತಪ್ಪ" ಅಂದ. ಮೆಷಿನ್ ನಡೆಸಿದವಳು ನಾನು. ನದಿ ದಾಟುವ ಹಾಡು ಅದು. ದೊಡ್ಡಪ್ಪನ ದನಿ ಒಂದು ಸಾಲು, ಹಿಂದೆ ನಲವತ್ತು ಜನರ ದನಿ ಒಂದು ಸಾಲು. ದೊಡ್ಡಮ್ಮ ಎಂಟು ತಿಂಗಳು ಅದನ್ನು ಕೇಳುತ್ತಲೇ ಇದ್ದು ಪ್ರಾಣ ಬಿಟ್ಟರು. ಟೇಪು ಸ್ಟುಡಿಯೋದ ಬೀರುವಿನಲ್ಲಿ ಉಳಿಯಿತು.

ನಾಲ್ಕು ವರ್ಷದ ಮೇಲೆ ಹಿಕರಿ ಗ್ಯಾಪ್ ತಂಡದ ಹೊಸ ರೆಕಾರ್ಡ್ ಕೆಲಸ ನಡೆದಿತ್ತು. ಡೆಲ್ಮರ್ ತನ್ನ ತಾಯಿಯ ಸಾವಿನ ಬಗ್ಗೆ ಒಂದು ಹಾಡು ಬರೆದಿದ್ದ. ನುಡಿಸುವವರು ಚೆನ್ನಾಗಿ ನುಡಿಸಿದರು, ರಸ್ಟಿ ಚೆನ್ನಾಗಿ ಹಾಡಿದ. ಡೆಲ್ಮರ್ ಮಾತ್ರ ತಲೆ ಅಲ್ಲಾಡಿಸುತ್ತಲೇ ಇದ್ದ. ಮೂರನೇ ದಿನ ಮಧ್ಯಾಹ್ನ, "ವೆಲ್ಡಾ, ಅಮ್ಮನ ಟೇಪ್ ಹಾಕು" ಅಂದ.

"ಅದು ದೊಡ್ಡಮ್ಮನಿಗೆ ಮಾತ್ರ ಅಂದಿದ್ರು ದೊಡ್ಡಪ್ಪ" ಅಂದೆ.

"ಹಾಡೂ ಅಮ್ಮನಿಗೇ ತಾನೆ? ಹಾಕು."

ಹಾಕಿದೆ. ಹುಡುಗರು ನುಡಿಸಿದ್ದ ಟೇಪಿನ ಮೊದಲಿಗೆ ಅದನ್ನು ಸೇರಿಸಿ ಕೇಳಿದೆವು. ಮೊದಲು ದೊಡ್ಡಪ್ಪನ ಒಂಟಿ ದನಿ. ಆಮೇಲೆ ಸಭೆ. ಸಭೆಯ ದನಿ ಇಳಿಯುವಾಗ ಅದರ ಕೆಳಗಿಂದ ಡ್ರಮ್ಮು ಎದ್ದುಬಂತು, ಅದರ ಮೇಲೆ ಗಿಟಾರು. ಬೈಗುಳದ ಹುಡುಗರು ಟೋಪಿ ತೆಗೆದು ನಿಂತರು. ನಾನು ಜೀವಮಾನದಲ್ಲಿ ಕೇಳಿದ ಅತ್ಯಂತ ಚಂದದ ಶಬ್ದ ಅದು. ಇವತ್ತಿಗೂ ಹಾಗೇ ಅನ್ನುತ್ತೇನೆ.

ಅಲ್ಲಿಗೆ ನಿಲ್ಲಿಸಿದ್ದರೆ ಯಾರದೋ ಮುದುಕನ ದನಿ ಅಂತ ಹೋಗುತ್ತಿತ್ತೇನೋ. ಡೆಲ್ಮರ್ ಅಪ್ಪನಿಗೆ ಗೌರವ ಕೊಡುತ್ತೇನೆಂದುಕೊಂಡು ರೆಕಾರ್ಡಿನ ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ಅವರ ಹೆಸರು ಹಾಕಿಸಿದ. ಬೇರೆ ಯಾರ ಅಪ್ಪನಾದರೂ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದ. ನಮ್ಮ ಸಭೆಯಲ್ಲಿ ಬೋಧಕರ ಹೆಸರನ್ನು ಚರ್ಚಿನ ಫಲಕಕ್ಕೂ ಬರೆಯುವುದಿಲ್ಲ. ದನಿ ದೇವರದು, ಮನುಷ್ಯನ ಹೆಸರು ಅದಕ್ಕೆ ಅಂಟಬಾರದು ಅಂತ. ಇದೆಲ್ಲ ಡೆಲ್ಮರನಿಗೆ ಗೊತ್ತಿರಲಿಲ್ಲವೇ? ಹಾಲು ಕುಡಿಯುವಾಗಿನಿಂದ ಗೊತ್ತಿತ್ತು. ಪ್ರೀತಿ ಉಕ್ಕಿದಾಗ ಅವನಿಗೆ ಬುದ್ಧಿ ಕೈಕೊಡುತ್ತಿತ್ತು. ಮೇ ತಿಂಗಳಲ್ಲಿ, ಕಾಲು ತೊಳೆಯುವ ದಿನ ತಾನೇ ಹೇಳುತ್ತೇನೆಂದು ಕಾದ. ರೆಕಾರ್ಡು ಮಾರ್ಚಿನಲ್ಲೇ ಹೊರಬಂತು.

ನಮ್ಮ ಕೌಂಟಿಯಲ್ಲಿ ಮದ್ಯ ಮಾರುವಂತಿಲ್ಲ. ಅದಕ್ಕೇ ಗಡಿಯಾಚೆ ಸಾಲಾಗಿ ಬಿಯರ್ ಅಂಗಡಿಗಳು. ಅಲ್ಲೊಂದರಲ್ಲಿ ನಮ್ಮ ಸಭೆಯ ಹಾಲಿಸ್ ಗಾರ್ಮನ್ ಆ ಹಾಡು ಕೇಳಿದ. ಹಾಲಿಸ್ ಅಲ್ಲಿಗೆ ಯಾಕೆ ಹೋಗಿದ್ದ ಅಂತ ಯಾರೂ ಕೇಳಲಿಲ್ಲ, ಅಳಿಯನನ್ನು ಕರೆತರಲು ಅಂತ ಅವನೇ ಹೇಳಿದ. ಜನ ಬಾಟಲಿ ಹಿಡಿದು ಕುಣಿಯುತ್ತಿದ್ದರಂತೆ. ಕುಣಿತದ ನಡುವೆ ದೊಡ್ಡಪ್ಪನ ದನಿ, ಅದರ ಹಿಂದಿನ ಸಭೆಯ ದನಿಗಳಲ್ಲಿ, ಆಮೇಲೆ ತೀರಿಹೋದ ಹಾಲಿಸನ ಹೆಂಡತಿ ಆಡಾಳ ದನಿ. ಹಾಲಿಸ್ ಅಲ್ಲೇ ಕುಸಿದು ಕುಳಿತನಂತೆ. ಅದನ್ನು ಹೇಳುವಾಗ ಅವನು ಅತ್ತದ್ದು ಸುಳ್ಳಲ್ಲ.

ತಿಂಗಳಿಗೊಂದು ಶನಿವಾರ ನಮ್ಮ ಸಭೆ ಒಳಗಿನ ವಿಷಯಗಳನ್ನು ವಿಚಾರಿಸುತ್ತದೆ. ಆ ಏಪ್ರಿಲ್ ಶನಿವಾರ ದೂರು ಇಟ್ಟವರು ದೊಡ್ಡಪ್ಪನೇ. ಎದುರು ಬೆಂಚಿನಲ್ಲಿ ನಾನು, ಡೆಲ್ಮರ್.

"ಬ್ರದರ್ ಡೆಲ್ಮರ್, ನೀನು ಮಾಡಿದ್ದಕ್ಕೆ ನಿನಗೆ ಪಶ್ಚಾತ್ತಾಪ ಇದೆಯಾ?" ಅಂದರು. ಸಭೆಯಲ್ಲಿ ಮಗನನ್ನೂ ಬ್ರದರ್ ಅನ್ನಬೇಕು. "ಇದೆ ಅಂತ ಒಂದು ಮಾತು ಹೇಳು. ಇಲ್ಲಿಗೆ ಮುಗಿಸೋಣ."

ಡೆಲ್ಮರ್ ಎದ್ದು ನಿಂತ. "ನಿಮಗೆಲ್ಲ ನೋವಾಗಿದ್ದಕ್ಕೆ ನನಗೂ ನೋವಿದೆ. ಆದ್ರೆ ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆ ಅಂದ್ರೆ ಸುಳ್ಳಾಗುತ್ತೆ. ನಾನು ಮಾಡಿದ್ರಲ್ಲಿ ಒಳ್ಳೇದು ಅಂತಿದ್ರೆ ಅದೊಂದೇ ಅಪ್ಪ."

ಆಮೇಲೆ ನನ್ನನ್ನು ಕೇಳಿದರು. ನಾನು ಥಟ್ಟನೆ ಎದ್ದು, "ಪಶ್ಚಾತ್ತಾಪ ಇದೆ, ದೊಡ್ಡಪ್ಪ" ಅಂದೆ. ಇರಲಿಲ್ಲ. ನನಗೆ ಹೆದರಿಕೆ ಇತ್ತು. ಗಂಡ ಇಲ್ಲ, ಮಕ್ಕಳಿಲ್ಲ, ಆ ಚರ್ಚಿನ ಎರಡನೇ ಬೆಂಚು ಬಿಟ್ಟರೆ ನನ್ನವರು ಅನ್ನುವವರು ಯಾರೂ ಇರಲಿಲ್ಲ. ನನ್ನನ್ನು ಉಳಿಸಿಕೊಂಡರು, ಡೆಲ್ಮರನನ್ನು ಹೊರಗೆ ಹಾಕಿದರು. ಎಲ್ಲ ಕೈಗಳೂ ಎದ್ದಿದ್ದವು. ನನ್ನದೂ.

ಹೊರಗೆ ಹಾಕಿದವನನ್ನು ನಾವು ಹೊಡೆದು ಓಡಿಸುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ, ಹಿಂದಿನ ಬೆಂಚಿನಲ್ಲಿ ಕೂರಬಹುದು. ಹಾಡುವಂತಿಲ್ಲ, ಪಾದ ತೊಳೆಯುವಂತಿಲ್ಲ. ಡೆಲ್ಮರ್ ಒಳಗೂ ಬರಲಿಲ್ಲ. ಪ್ರತಿ ಮೇ ತಿಂಗಳು ಆ ಭಾನುವಾರ ಓಕ್ ಮರದ ಕೆಳಗೆ ತನ್ನ ಟ್ರಕ್ ನಿಲ್ಲಿಸಿ, ಕಿಟಕಿಯ ಗಾಜು ಇಳಿಸಿ, ಒಳಗಿನ ಹಾಡು ಮುಗಿಯುವವರೆಗೂ ಕೂತಿರುತ್ತಿದ್ದ. ಊಟದ ಹೊತ್ತಿಗೆ ನಾನು ಕರಿದ ಕೋಳಿ, ಮೆಕ್ಕೆಜೋಳದ ಬ್ರೆಡ್ಡು ತಟ್ಟೆಗೆ ಹಾಕಿ ಕೊಟ್ಟು ಬರುತ್ತಿದ್ದೆ. ದೊಡ್ಡಪ್ಪ ಎಲ್ಲರ ಕಾಲನ್ನೂ ತೊಳೆಯುತ್ತಿದ್ದರು, ತಮ್ಮ ಕಾಲನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಷೂ ಬಿಚ್ಚದೆ ಕೂತಿರುತ್ತಿದ್ದರು. ಆ ಹಠವನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಹಾಡು ಡೆಲ್ಮರನಿಗೆ ತಂದಷ್ಟು ಹೆಸರನ್ನು ಬೇರೇನೂ ತರಲಿಲ್ಲ. ಅದಾದ ಮೇಲೆ ಅವನು ಬರೆದದ್ದು ಯಾವುದೂ ನಿಲ್ಲಲಿಲ್ಲ. ತಂಡಗಳು ಬರುತ್ತಿದ್ದವು, "ಆ ಥರದ್ದೇ ಇನ್ನೊಂದು ಮಾಡಿಕೊಡು" ಅನ್ನುತ್ತಿದ್ದವು. ಇಪ್ಪತ್ತೊಂದು ಸಲ ಹಾಡಿಸುತ್ತಿದ್ದವನು ಎರಡನೇ ಸಲಕ್ಕೇ "ಸಾಕು ಬಿಡು, ನಡೆಯುತ್ತೆ" ಅನ್ನತೊಡಗಿದ. ಕುಡಿದಿದ್ದರೆ ಬೈದು ಸರಿಮಾಡಬಹುದಿತ್ತು, ಅವನು ಕುಡಿಯುತ್ತಲೂ ಇರಲಿಲ್ಲ. ರಸ್ಟಿ ಕಾರು ಅಪಘಾತದಲ್ಲಿ ಸತ್ತ. ಕಾಲ ಬದಲಾಯಿತು, ಕೀಲಿಮಣೆಯ ಯಂತ್ರದಲ್ಲೇ ಡ್ರಮ್ಮು ಬಾರಿಸುವ ಹುಡುಗರು ಬಂದರು. 1984ರಲ್ಲಿ ಸ್ಟುಡಿಯೋಗೆ ಬೀಗ ಬಿತ್ತು. ಡೆಲ್ಮರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಕಲಸಿಕೊಡುವ ಕೆಲಸಕ್ಕೆ ಸೇರಿದ.

1988ರ ಚಳಿಗಾಲದಲ್ಲಿ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಎಂಬತ್ತು ವರ್ಷ. ಎಡಗೈ ಸತ್ತಿತು, ನಾಲಿಗೆ ತಡವರಿಸತೊಡಗಿತು. ಮುಂದಿನ ಮೇ ನೋಡಿದರೆ ಹೆಚ್ಚು ಅಂದರು ಡಾಕ್ಟರು. ನಾನು ನೇರ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಇನ್ನು ಕಾಯಬೇಡ. ಏಪ್ರಿಲ್ ಶನಿವಾರ ಬಾ. ಪಶ್ಚಾತ್ತಾಪ ಇದೆ ಅನ್ನು."

"ಇಲ್ವಲ್ಲೇ" ಅಂದ, ಡಬ್ಬಿ ಅಲ್ಲಾಡಿಸುತ್ತ.

"ನನಗಿತ್ತಾ? ನಾನು ಹೇಳ್ಲಿಲ್ವಾ? ಎರಡು ಮಾತು. ನಿನ್ನ ನಾಲಿಗೆ ಏನು ಸವೆದುಹೋಗುತ್ತಾ? ಅಪ್ಪನ ಕಾಲು ತೊಳೀಬೇಕೋ ಬೇಡ್ವೋ ನಿನಗೆ?"

ಡಬ್ಬಿ ಕೆಳಗಿಟ್ಟ. ಐವತ್ತು ವರ್ಷದ ಗಂಡಸು, ಕೈಯೆಲ್ಲ ಹಸಿರು ಬಣ್ಣ, ಆ ಕೈಯಲ್ಲೇ ಕಣ್ಣೊರೆಸಿಕೊಂಡ. "ಬೇಕು" ಅಂದ.

ಹೊರಗೆ ಹಾಕುವುದಕ್ಕೆ ಹೆಚ್ಚಿನವರ ಕೈ ಎದ್ದರೆ ಸಾಕು. ಒಳಗೆ ಕರೆದುಕೊಳ್ಳುವುದಕ್ಕೆ ಎಲ್ಲರ ಕೈಯೂ ಏಳಬೇಕು, ಒಂದು ಕೈ ಏಳದಿದ್ದರೂ ಆಗದು. ನಾನು ಎರಡು ತಿಂಗಳು ಮನೆ ಮನೆಗೆ ಅಲೆದೆ. ಹಾಲಿಸನ ಮನೆಗೆ ನಾಲ್ಕು ಸಲ ಹೋದೆ. "ಆಡಾ ಇದ್ದಿದ್ರೆ ಕ್ಷಮಿಸ್ತಿದ್ಳು" ಅಂತ ಕೊನೆಗೆ ಅವನೂ ಕರಗಿದ. ದೊಡ್ಡಪ್ಪನನ್ನು ಮಾತ್ರ ನಾನು ಕೇಳಲಿಲ್ಲ. ಅಪ್ಪನನ್ನು ಕೇಳುವುದೇನು ಅಂದುಕೊಂಡೆ.

ಶನಿವಾರ ಡೆಲ್ಮರ್ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದ. ದೊಡ್ಡಪ್ಪನನ್ನು ಕುರ್ಚಿ ಸಮೇತ ಎತ್ತಿ ತಂದು ಮುಂದೆ ಕೂರಿಸಿದ್ದರು. ವಿಚಾರಣೆ ನಡೆಸಿದವನು ಹಾಲಿಸ್.

"ನಾನು ಮಾಡಿದ್ದು ತಪ್ಪು" ಅಂದ ಡೆಲ್ಮರ್. "ನನಗೆ ಪಶ್ಚಾತ್ತಾಪ ಇದೆ. ನನ್ನನ್ನ ಕ್ಷಮಿಸಿ ಒಳಗೆ ಸೇರಿಸಿಕೊಳ್ಳಿ."

ಚೆನ್ನಾಗಿ ಹೇಳಿದ. ಹೆಂಗಸರ ಕಡೆ ಕರ್ಚೀಫುಗಳು ಹೊರಬಂದವು. "ಒಪ್ಪುವವರು ಕೈ ಎತ್ತಿ" ಅಂದ ಹಾಲಿಸ್. ಕೈಗಳು ಎದ್ದವು. ನಾನು ಎಣಿಸಿದೆ, ಇಪ್ಪತ್ತಾರು. ಇರಬೇಕಾದ್ದು ಇಪ್ಪತ್ತೇಳು.

ದೊಡ್ಡಪ್ಪನ ಬಲಗೈ ಮಂಡಿಯ ಮೇಲೆ ಹಾಗೇ ಇತ್ತು. ಲಕ್ವದಿಂದ ಎತ್ತಲಾಗುತ್ತಿಲ್ಲವೇನೋ ಅಂದುಕೊಂಡು ಹಾಲಿಸ್ ಬಗ್ಗಿ, "ಬ್ರದರ್ ಏಸಾ, ನಿಮ್ದೂ ಎತ್ಲಾ?" ಅಂದ.

"ಬೇಡ" ಅಂದರು. ಮುರಿದ ನಾಲಿಗೆಯಲ್ಲಿ ಒಂದೊಂದೇ ಮಾತು ಹೊರಬಂತು. "ಸುಳ್ಳು ಹೇಳ್ತಿದಾನೆ. ನನ್ನ ಮಗನ ದನಿ ನನಗೆ ಗೊತ್ತು. ನಿಜ ಹೇಳೋವಾಗ ಅವನ ದನಿ ಹೀಗಿರಲ್ಲ."

ಡೆಲ್ಮರ್ ಅಪ್ಪನನ್ನೇ ನೋಡುತ್ತಿದ್ದ. "ಹೌದಪ್ಪ" ಅಂದ. "ಸುಳ್ಳು."

"ಸುಳ್ಳು ಹೇಳಿ ಬರೋನು ನನಗೆ ಬೇಡ" ಅಂದರು ದೊಡ್ಡಪ್ಪ. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಡೆಲ್ಮರ್ ತಲೆ ಬಗ್ಗಿಸಿ ಹೊರಗೆ ನಡೆದ. ಟ್ರಕ್ ಹೊರಟ ಸದ್ದು ಕೇಳಿತು.

ಎರಡು ದಿನ ಕಾದು ನಾನು ದೊಡ್ಡಪ್ಪನ ಮನೆಗೆ ಜಗಳಕ್ಕೇ ಹೋದೆ. "ಹದಿಮೂರು ವರ್ಷದ ಹಿಂದೆ ನಾನೂ ಸುಳ್ಳೇ ಹೇಳಿದ್ದು. ಈಗ ಅವನಿಗೆ ಹೇಳಿಕೊಟ್ಟವಳೂ ನಾನೇ. ಆಗ ಯಾಕೆ ನನ್ನನ್ನ ಬಿಟ್ರಿ? ಗೊತ್ತಾಗ್ಲಿಲ್ವಾ ನಿಮಗೆ?"

"ನಿನ್ನ ದನಿ ನಾನು ಅಷ್ಟು ಕಿವಿಗೊಟ್ಟು ಕೇಳಿರ್ಲಿಲ್ಲ ಕಣಮ್ಮ" ಅಂದರು.

ಕೋಪದಲ್ಲಿ ಆಡಿದ ಮಾತಲ್ಲ ಅದು, ಇದ್ದದ್ದನ್ನು ಹೇಳಿದ್ದು. ಅದಕ್ಕೇ ಅಷ್ಟು ಚುಚ್ಚಿತು. ಆ ಮನುಷ್ಯ ಕಿವಿಗೊಟ್ಟು ಕೇಳಿದ್ದು ಮಗನನ್ನೊಬ್ಬನನ್ನೇ.

ಮೇ ಬರುವ ಮೊದಲೇ, ಒಂದು ಬುಧವಾರ ದೊಡ್ಡಪ್ಪ ಹೋದರು. ಶುಕ್ರವಾರ ಚರ್ಚು ತುಂಬಿತ್ತು. ಡೆಲ್ಮರ್ ಹಿಂದಿನ ಬೆಂಚಿನಲ್ಲಿ ಕೂತಿದ್ದ. ನದಿ ದಾಟುವ ಹಾಡನ್ನೇ ಹಾಡಬೇಕೆಂದು ದೊಡ್ಡಪ್ಪ ಹೇಳಿ ಹೋಗಿದ್ದರು. ಹಾಲಿಸ್ ಎತ್ತಿಕೊಂಡ. ಶ್ರುತಿ ವಿಪರೀತ ಮೇಲಾಯಿತು. ಎರಡನೇ ಸಾಲಿಗೆ ಹೆಂಗಸರ ಗಂಟಲು ಒಡೆಯಿತು. ನಿಲ್ಲಿಸಿ ಮತ್ತೆ ಎತ್ತಿಕೊಂಡ. ಈಗ ತೀರಾ ಕೆಳಗೆ, ಗಂಡಸರ ಬಾಯಿಂದ ಬರೀ ಗೊರಗೊರ. ಅದೂ ನಿಂತಿತು. ಬೀಸಣಿಗೆಗಳೂ ನಿಂತವು.

ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು. ಸರಿಯಾದ ಶ್ರುತಿ ಆ ಕೋಣೆಯಲ್ಲಿ ಒಬ್ಬನಿಗೇ ಗೊತ್ತಿತ್ತು.

"ಎತ್ಕೊಳ್ಳಪ್ಪ ಡೆಲ್ಮರ್" ಅಂದ ಹಾಲಿಸ್, ಬೇಡುವ ದನಿಯಲ್ಲಿ. "ಇವತ್ತೊಂದು ದಿನ. ಯಾರೂ ಏನೂ ಅನ್ನಲ್ಲ."

ಡೆಲ್ಮರ್ ಎದ್ದು ನಿಂತ. "ಅಪ್ಪ ಕೈ ಎತ್ತದೇ ಹೋದ್ರು, ಹಾಲಿಸ್" ಅಂದ. "ಅದನ್ನ ಅವ್ರ ಎದುರಿಗೇ ಮೀರೋಕೆ ನನಗಾಗಲ್ಲ." ಹಾಗೆಂದು ಕೂತ.

ನಲವತ್ತೈದು ವರ್ಷ ಊರಿನ ಎಲ್ಲ ಹೆಣಗಳಿಗೆ ಹಾಡು ಎತ್ತಿಕೊಟ್ಟ ಏಸಾ ಪ್ರುವಿಟ್ಟರನ್ನು ಹಾಡಿಲ್ಲದೆ ಹೂತೆವು. ಮಣ್ಣು ಬೀಳುವ ಸದ್ದು ಮಾತ್ರ ಕೇಳಿತು. ಸೇಡು ತೀರಿಸಿಕೊಂಡ ಅಂತ ಊರು ಇವತ್ತಿಗೂ ಆಡಿಕೊಳ್ಳುತ್ತದೆ. ಅಷ್ಟು ವಿಧೇಯನಾದ ಮಗನನ್ನು ನಾನಂತೂ ಕಂಡಿಲ್ಲ.

ಟ್ರಕ್ಕಿನವರೆಗೂ ಅವನ ಜೊತೆ ನಡೆದೆ. "ಮುಂದಿನ ಶನಿವಾರ ಎದ್ದು ನಿಂತು ನನ್ನ ಸುಳ್ಳನ್ನೂ ಹೇಳಿಬಿಡ್ತೀನಿ. ನಾನೂ ಹೊರಗೇ ಬರ್ತೀನಿ" ಅಂದೆ.

"ಬೇಡ ಕಣೇ" ಅಂದ. "ನಿನಗೆ ಹೋಗೋಕೆ ಬೇರೆ ಎಲ್ಲಿದೆ? ಒಳಗೇ ಇರು."

ಅವನು ಹಾಗಂದದ್ದಕ್ಕೆ ನನ್ನ ಎದೆ ಹಗುರವಾಯಿತು. ಆ ಹಗುರಕ್ಕೆ ನಾಚಿ ಸತ್ತೆ, ಆದರೂ ಹಗುರವಾದದ್ದು ನಿಜ. ಎರಡು ವರ್ಷದ ಮೇಲೆ ಡೆಲ್ಮರ್ ಹೃದಯ ನಿಂತು ಹೋದ, ಹೊರಗಿನವನಾಗಿಯೇ. ನಾನು ಎರಡನೇ ಬೆಂಚಿನಲ್ಲಿ ಇದ್ದೇನೆ. ತಿಂಗಳಿಗೊಂದು ಶನಿವಾರ, ಯಾರಿಗಾದರೂ ಹೇಳುವುದಿದೆಯಾ ಅಂತ ಕೇಳುತ್ತಾರೆ. ಇದುವರೆಗೆ ನಾನು ಎದ್ದಿಲ್ಲ.